ಮೂರನೇ ಸಿಲಿಂಡರ್ ಯಾಕೆ ತಣ್ಣಗಿದೆ? ಮನೆಯಲ್ಲಿ ಕಟ್ಟಿದ ವಿಮಾನದ ಟೆಂಪರೇಚರ್ ವೈರಿಂಗ್‌ನಲ್ಲಿ ತಪ್ಪು ಹುಡುಕುವುದು

ಹೊಸ ಪ್ರೋಬ್ (ಬಿಸಿ ಅಳೆಯುವ ಸೆನ್ಸರ್) ತರಿಸುವ ಮೊದಲು ಇದನ್ನು ಓದಿ. ಇಂಜಿನ್ ಮಾನಿಟರ್‌ನಲ್ಲಿ ಒಂದು ಸಿಲಿಂಡರ್ ಮಾತ್ರ ಏನೋ ಬೇರೆ ತೋರಿಸಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಪ್ರೋಬ್ ಕಡೆಗೆ. ನಾನು ನೋಡಿದ ಮಟ್ಟಿಗೆ ಪ್ರೋಬ್ ಕೆಟ್ಟಿರುವುದು ಕಡಿಮೆ. ತಪ್ಪು ಇರುವುದು ತಂತಿಯಲ್ಲಿ, ಜಾಯಿಂಟ್‌ನಲ್ಲಿ, ಗ್ರೌಂಡ್‌ನಲ್ಲಿ, ಇಲ್ಲಾಂದ್ರೆ ಮಾನಿಟರ್ ಸೆಟ್ಟಿಂಗ್‌ನಲ್ಲಿ.

ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿದವನು. ಬಾಯ್ಲರ್ ಹೊಗೆ ಎಷ್ಟು ಬಿಸಿ, ಕಬ್ಬಿನ ಹಾಲು ಎಷ್ಟು ಬಿಸಿ ಎಂದು ನೋಡುವ ಥರ್ಮೋಕಪಲ್‌ಗಳ ಜೊತೆ ವರ್ಷಗಟ್ಟಲೆ ಒಡನಾಟ. ವಿಮಾನದ ನಂಟು ಬಂದದ್ದು ನನಗಿಂತ ಹತ್ತು ವರ್ಷ ಚಿಕ್ಕವನಾದ ಒಬ್ಬ ಗೆಳೆಯನಿಂದ. ಮೈಸೂರಿನ ಹೊರಗೆ, ಬೆಳಗೊಳದ ಕಡೆ, ಒಂದು ಶೆಡ್ ಬಾಡಿಗೆಗೆ ಹಿಡಿದು ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾನೆ. ಇಂಜಿನ್ ಲೈಕಾಮಿಂಗ್, ನಾಲ್ಕು ಸಿಲಿಂಡರ್, ಗಾಳಿಯಿಂದ ತಣಿಯುವಂಥದ್ದು. ಪ್ರತಿ ಸಿಲಿಂಡರ್‌ಗೆ ಎರಡು ಪ್ರೋಬ್: ಸಿಲಿಂಡರ್ ಹೆಡ್ ಬಿಸಿ ನೋಡಲು ಒಂದು, ಎಕ್ಸಾಸ್ಟ್ ಗ್ಯಾಸ್ ಬಿಸಿ ನೋಡಲು ಒಂದು. ಮೊದಲನೆಯದನ್ನು ಸಿ.ಎಚ್.ಟಿ., ಎರಡನೆಯದನ್ನು ಇ.ಜಿ.ಟಿ. ಅನ್ನುತ್ತಾರೆ. ಇದರ ಮೇಲೆ ಆಯಿಲ್ ಟೆಂಪರೇಚರ್ ಬೇರೆ. ಒಟ್ಟು ಒಂಬತ್ತು ಸೆನ್ಸರ್, ಹದಿನೇಳು ತಂತಿ. ಒಂದು ಸಂಜೆ ಫೋನ್ ಬಂತು. "ಅಣ್ಣಾ, ಹೊಸ ಪ್ರೋಬ್ ಹಾಕಿದ್ರೂ ಮೂರನೇದು ಹಾಗೇ ಇದೆ ಕಣಣ್ಣ. ಒಂದ್ಸಲ ಬಂದು ನೋಡ್ತೀಯಾ?"

ಅವನು ಹೇಳಿದ್ದು ಇಷ್ಟು. ನೆಲದ ಮೇಲೆ ಇಂಜಿನ್ ಓಡಿಸಿದಾಗ ಮೂರನೇ ಸಿಲಿಂಡರ್‌ನ ಇ.ಜಿ.ಟಿ. ಉಳಿದ ಮೂರಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಕಡಿಮೆ. ಅದು ಕೌಲಿಂಗ್, ಅಂದರೆ ಇಂಜಿನ್ ಮೇಲಿನ ಮುಚ್ಚಳ, ತೆಗೆದಿಟ್ಟಾಗ. ಕೌಲಿಂಗ್ ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿದರೆ ಸುಮಾರು ನಲವತ್ತು ಡಿಗ್ರಿ ಕಡಿಮೆ. ಕಾರ್ಬುರೇಟರ್ ಬಿಚ್ಚಿ ನೋಡಿದ್ದ. ಇನ್‌ಟೇಕ್ ಪೈಪಿನ ಗ್ಯಾಸ್ಕೆಟ್ ಬದಲಾಯಿಸಿದ್ದ. ಹೊರದೇಶದಿಂದ ಪ್ರೋಬ್ ತರಿಸಿ ಹಾಕಿದ್ದ. ಎರಡು ತಿಂಗಳು ಹೋಗಿತ್ತು.

ಕೌಲಿಂಗ್ ಮುಚ್ಚಿದಾಗ ತಪ್ಪು ಜಾಸ್ತಿ ಆಗುತ್ತದೆ ಅನ್ನುವ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು.

ತುದಿಯಲ್ಲ, ಇಡೀ ತಂತಿ

ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದದ್ದು. 1821ರಲ್ಲಿ ಸೀಬೆಕ್ ಗಮನಿಸಿದ ಪರಿಣಾಮ ಇದು. ಬೆಸೆದ ತುದಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ತಂತಿಯ ಉದ್ದಕ್ಕೂ, ಎಲ್ಲೆಲ್ಲಿ ಬಿಸಿಯಿಂದ ತಂಪಿಗೆ ಇಳಿಯುತ್ತದೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತದೆ. ಎಕ್ಸಾಸ್ಟ್ ಪೈಪಿನ ಹತ್ತಿರ ಜಾಸ್ತಿ ಇಳಿತ, ಅಲ್ಲಿ ಜಾಸ್ತಿ. ಕೌಲಿಂಗ್ ಒಳಗಿಂದ ಫೈರ್‌ವಾಲ್ (ಇಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಗೋಡೆ) ದಾಟಿ ಪ್ಯಾನೆಲ್‌ಗೆ ಬರುವಾಗ ಇನ್ನೊಂದಿಷ್ಟು. ಪ್ಯಾನೆಲ್ ಹತ್ತಿರ ಎಷ್ಟು ಬಿಸಿ ಇದೆ ಎಂದು ಮಾನಿಟರ್ ತಾನೇ ಅಳೆದು ಅದನ್ನು ಕೂಡಿಸಿಕೊಳ್ಳುತ್ತದೆ. ಹಾಗಾಗಿ ಪ್ರೋಬ್‌ನ ತುದಿಯಿಂದ ಮಾನಿಟರ್‌ನ ಕನೆಕ್ಟರ್‌ವರೆಗೂ ಅದೇ ಜೋಡಿ ಲೋಹ ಇರಬೇಕು. ಮಧ್ಯದಲ್ಲಿ ಒಂದು ತುಂಡು ತಾಮ್ರ ಸೇರಿಸಿದರೆ, ಆ ತುಂಡಿನ ಉದ್ದಕ್ಕೆ ಎಷ್ಟು ಡಿಗ್ರಿ ಇಳಿದಿದೆಯೋ ಅಷ್ಟು ಡಿಗ್ರಿ ಲೆಕ್ಕದಿಂದ ಕಳೆದೇ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ತಾಮ್ರದ ತುಂಡಿನ ಇಂಜಿನ್ ಕಡೆಯ ಜಾಯಿಂಟ್ 70 ಡಿಗ್ರಿಯಲ್ಲಿದೆ. ಪ್ಯಾನೆಲ್ ಕಡೆಯ ಜಾಯಿಂಟ್ 32ರಲ್ಲಿದೆ. ಮಾನಿಟರ್ 38 ಡಿಗ್ರಿ ಕಡಿಮೆ ತೋರಿಸುತ್ತದೆ. ಕೌಲಿಂಗ್ ತೆಗೆದರೆ ಇಂಜಿನ್ ಕಡೆಯ ಜಾಯಿಂಟ್ 44ಕ್ಕೆ ಇಳಿಯಿತು ಅನ್ನಿ, ಆಗ 12 ಡಿಗ್ರಿ ಕಡಿಮೆ. ಗೆಳೆಯನ ವಿಮಾನದಲ್ಲಿ ಆಗುತ್ತಿದ್ದದ್ದು ಹೆಚ್ಚುಕಡಿಮೆ ಇದೇ.

ಆದರೆ ಲೆಕ್ಕ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. ತೋರಿಸಬೇಕು.

ಮುಟ್ಟುವ ಮೊದಲು

ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ. ಸ್ವಿಚ್ ಆಫ್ ಮಾಡಿದರೆ ಅದರ ಪಿ-ಲೀಡ್ ಗ್ರೌಂಡ್ ಆಗಿ ಕಿಡಿ ನಿಲ್ಲುತ್ತದೆ, ಅಷ್ಟೇ. ಆ ತಂತಿ ತುಂಡಾಗಿದ್ದರೆ ಕೀ ನಿಮ್ಮ ಜೇಬಿನಲ್ಲಿದ್ದರೂ ಪ್ರೊಪೆಲರ್ ತಿರುಗಿಸಿದಾಗ ಇಂಜಿನ್ ಹೊತ್ತಿಕೊಳ್ಳಬಹುದು. ವೈರಿಂಗ್ ಕೆಲಸ ಮಾಡುವಾಗ ಪ್ರೊಪೆಲರ್ ತಿರುಗುವ ಜಾಗದಲ್ಲಿ ನಿಲ್ಲಬೇಡಿ, ಅದನ್ನು ಸುಮ್ನೆ ತಿರುಗಿಸಬೇಡಿ. ಇಂಜಿನ್ ಓಡುವಾಗ ಕೌಲಿಂಗ್ ಒಳಗೆ ಕೈ ಬೇಡ, ಮೀಟರ್ ಪ್ರೋಬೂ ಬೇಡ. ಈ ಕೆಳಗೆ ಹೇಳುವ ಬಹುತೇಕ ಪರೀಕ್ಷೆಗಳಿಗೆ ಇಂಜಿನ್ ಓಡಬೇಕಾದ್ದೇ ಇಲ್ಲ. ಪೆಟ್ರೋಲ್ ವಾಸನೆ ಇದ್ದರೆ ಮೊದಲು ಅದರ ಮೂಲ ಹುಡುಕಿ. ಹೇರ್ ಡ್ರೈಯರ್, ಹೀಟ್ ಗನ್ ಯಾವುದನ್ನೂ ವಿಮಾನದ ಹತ್ತಿರ ತರಬೇಡಿ.

ನಿಜವಾದ ಬಿಸಿಯಾ, ಸುಳ್ಳು ಬಿಸಿಯಾ

ಮೊದಲು ತಿಳಿಯಬೇಕಾದದ್ದು ಇದು. ಇಂಜಿನ್‌ನಲ್ಲೇ ತೊಂದರೆ ಇದ್ದು ಮಾನಿಟರ್ ಸರಿಯಾಗಿಯೇ ಹೇಳುತ್ತಿದ್ದರೆ, ನೀವು ವೈರ್ ಹಿಂದೆ ಬಿದ್ದು ಇಂಜಿನ್ ಹಾಳು ಮಾಡಿಕೊಳ್ಳುತ್ತೀರಿ.

ಸಿಲಿಂಡರ್ ಹೆಡ್ ಅನ್ನುವುದು ದಪ್ಪ ಲೋಹ. ಅದು ಬಿಸಿಯಾಗಲು ನಿಮಿಷಗಳು ಬೇಕು, ತಣ್ಣಗಾಗಲೂ ಬೇಕು. ಸಿ.ಎಚ್.ಟಿ. ಒಂದು ಸೆಕೆಂಡ್‌ನಲ್ಲಿ ಐವತ್ತು ಡಿಗ್ರಿ ಹಾರಿ ಮತ್ತೆ ವಾಪಸ್ ಬಂದರೆ ಅದು ಬಿಸಿಯಲ್ಲ, ವೈರ್. ಇ.ಜಿ.ಟಿ. ಇದಕ್ಕಿಂತ ಬೇಗ ಬದಲಾಗುತ್ತದೆ, ಆದರೂ ಅದಕ್ಕೂ ಒಂದು ನಡಿಗೆ ಇದೆ. ಮಿಕ್ಸ್ಚರ್ ಎಳೆದಾಗ, ಅಂದರೆ ಗಾಳಿಗೆ ಸೇರುವ ಪೆಟ್ರೋಲ್ ಕಡಿಮೆ ಮಾಡಿದಾಗ, ನಾಲ್ಕೂ ಮೇಲೆ ಹೋಗಬೇಕು. ಮ್ಯಾಗ್ನೆಟೋ ಚೆಕ್ ಮಾಡುವಾಗ ಎರಡರಲ್ಲಿ ಒಂದನ್ನು ಆಫ್ ಮಾಡಿದರೆ ನಾಲ್ಕೂ ಇ.ಜಿ.ಟಿ. ಏರಬೇಕು, ಯಾಕೆಂದರೆ ಒಂದೇ ಪ್ಲಗ್‌ನಿಂದ ಉರಿಯುವಾಗ ಉರಿ ನಿಧಾನವಾಗಿ ಮುಗಿಯುತ್ತದೆ, ಎಕ್ಸಾಸ್ಟ್‌ಗೆ ಹೋಗುವಾಗ ಗ್ಯಾಸ್ ಇನ್ನೂ ಬಿಸಿಯಾಗಿರುತ್ತದೆ. ಆಗ ಒಂದು ಸಿಲಿಂಡರ್ ಏರುವ ಬದಲು ದಬಕ್ಕನೆ ಬಿದ್ದರೆ ಆ ಮ್ಯಾಗ್ನೆಟೋದ ಪ್ಲಗ್ ಅಲ್ಲಿ ಕೆಲಸ ಮಾಡುತ್ತಿಲ್ಲ, ಪ್ರೋಬ್ ಸತ್ಯ ಹೇಳುತ್ತಿದೆ. ಗೆಳೆಯನ ಮೂರನೇ ಸಿಲಿಂಡರ್ ಉಳಿದವುಗಳ ಜೊತೆಗೇ ಏರಿತು, ಜೊತೆಗೇ ಇಳಿಯಿತು. ಅಂತರ ಮಾತ್ರ ಹಾಗೇ ಉಳಿಯಿತು. ಇಂಜಿನ್ ಸರಿ ಇದೆ ಎಂದು ನನಗೆ ನಂಬಿಕೆ ಬಂದದ್ದು ಅಲ್ಲಿ.

ಇನ್ನೊಂದು ವಿಷಯ. ನಾಲ್ಕು ಇ.ಜಿ.ಟಿ. ಒಂದೇ ಅಂಕಿ ತೋರಿಸಬೇಕು ಅಂತೇನೂ ಇಲ್ಲ. ಮೂವತ್ತು ನಲವತ್ತು ಡಿಗ್ರಿ ಅಂತರ ಸಹಜ. ಪ್ರೋಬ್ ಕೂರಿಸಿದ ಜಾಗವೂ ಮುಖ್ಯ, ಪೈಪ್ ಸಿಲಿಂಡರ್‌ಗೆ ಕೂರುವ ಫ್ಲೇಂಜ್‌ನಿಂದ ನಾಲ್ಕಕ್ಕೂ ಒಂದೇ ದೂರ ಇರಬೇಕು. ಒಂದು ಎರಡು ಇಂಚಿನಲ್ಲಿ, ಇನ್ನೊಂದು ಐದು ಇಂಚಿನಲ್ಲಿ ಇದ್ದರೆ ಹೋಲಿಕೆಯೇ ತಪ್ಪು. ಟೇಪ್ ಹಿಡಿದು ಅಳೆಯಿರಿ. ಇವನ ಶೆಡ್‌ನಲ್ಲಿ ನಾಲ್ಕೂ ಸರಿಯಾಗಿದ್ದವು. ಅಂತರ ಇದೆ ಅನ್ನುವುದಕ್ಕಿಂತ, ಕೌಲಿಂಗ್ ಮುಚ್ಚಿದಾಗ ಆ ಅಂತರ ಬೆಳೆಯುತ್ತದೆ ಅನ್ನುವುದೇ ಅನುಮಾನಕ್ಕೆ ಕಾರಣ.

ಅರ್ಧ ಅರ್ಧ ಮಾಡುತ್ತಾ ಹೋಗುವುದು

ಮಾನಿಟರ್‌ನ ಹಿಂದೆ ಮೂರನೇ ಸಿಲಿಂಡರ್‌ನ ಎರಡು ಪಿನ್‌ಗಳನ್ನು ಬಿಚ್ಚಿ, ಆ ಎರಡು ಜಾಗವನ್ನು ಒಂದು ಚಿಕ್ಕ ತಂತಿಯಿಂದ ಸೇರಿಸಿ. ಮಾನಿಟರ್ ಆನ್ ಮಾಡಿ. ಆ ಚಾನೆಲ್ ಪ್ಯಾನೆಲ್ ಹತ್ತಿರದ ಬಿಸಿಯನ್ನು ತೋರಿಸಬೇಕು. ಶೆಡ್ 31 ಡಿಗ್ರಿ ಇದ್ದರೆ 31 ಅಥವಾ ಅದಕ್ಕಿಂತ ಒಂದೆರಡು ಜಾಸ್ತಿ. ಹಾಗೆ ತೋರಿಸಿದರೆ ಮಾನಿಟರ್ ಪಾಸ್. ಎರಡು ನಿಮಿಷದ ಕೆಲಸ ಇದು, ಎರಡು ತಿಂಗಳಲ್ಲಿ ಯಾರೂ ಮಾಡಿರಲಿಲ್ಲ. (ಕೆಲವು ಮಾನಿಟರ್‌ಗಳು ಇ.ಜಿ.ಟಿ. ಒಂದು ಮಟ್ಟ ದಾಟುವವರೆಗೆ ಏನೂ ತೋರಿಸುವುದಿಲ್ಲ. ಸೆಟಪ್ ಪುಟದಲ್ಲಿ ನೇರ ಅಂಕಿ ನೋಡುವ ದಾರಿ ಇದೆಯಾ ಎಂದು ಅದರ ಪುಸ್ತಕದಲ್ಲಿ ಹುಡುಕಿ.)

ಈಗ ಆ ಶಾರ್ಟ್ ತೆಗೆದು ಪಿನ್‌ಗಳನ್ನು ವಾಪಸ್ ಹಾಕಿ. ಇಂಜಿನ್ ಹತ್ತಿರ ಪ್ರೋಬ್ ಕನೆಕ್ಟರ್ ಬಿಚ್ಚಿ, ಮಾನಿಟರ್ ಕಡೆಗೆ ಹೋಗುವ ಎರಡು ತಂತಿಯ ತುದಿಗಳನ್ನು ಒಂದಕ್ಕೊಂದು ಹೊಸೆಯಿರಿ. ಸರಿಯಾದ ಎಕ್ಸ್‌ಟೆನ್ಷನ್ ತಂತಿ ಇದ್ದರೆ ಆ ಹೊಸೆದ ಜಾಗವೇ ಒಂದು ಥರ್ಮೋಕಪಲ್ ಆಗುತ್ತದೆ. ಅದನ್ನು ಬೆರಳಲ್ಲಿ ಹಿಡಿದರೆ ಮಾನಿಟರ್‌ನಲ್ಲಿ ಅಂಕಿ ಏರಿ ನಿಮ್ಮ ಬೆರಳಿನ ಬಿಸಿಯ ಹತ್ತಿರ ನಿಲ್ಲಬೇಕು. ನಾವು ಹಿಡಿದಾಗ ಅಂಕಿ ಏರಿತು, ಅಂದರೆ ಆ ತುದಿಯಲ್ಲಿ ಸರಿಯಾದ ತಂತಿಯೇ ಇದೆ. ಎರಡನೇ ಸಿಲಿಂಡರ್‌ನ ತಂತಿಗೆ ಹಾಗೇ ಮಾಡಿದರೆ ಅದೂ ನಿಧಾನವಾಗಿ 33, 34 ಎಂದು ಏರಿತು. ಗೆಳೆಯ ನನ್ನ ಮುಖ ನೋಡಿದ. ಮಾನಿಟರ್ ಸರಿ, ಪ್ರೋಬ್ ಹೊಸದು, ತಂತಿಯ ತುದಿಯೂ ಸರಿ, ಹಾಗಾದರೆ ಮಧ್ಯೆ ಎಲ್ಲೋ ತಾಮ್ರ ಇರಬೇಕು ಎಂದು ಇಬ್ಬರಿಗೂ ಅನ್ನಿಸಿತು.

ಎಲ್ಲಿ? ಲೂಮ್, ಅಂದರೆ ತಂತಿಗಳ ಕಟ್ಟು, ಪೂರ್ತಿ ಸ್ಲೀವ್ ಒಳಗೆ ಇತ್ತು, ನೀಟಾಗಿ ಲೇಸ್ ಕಟ್ಟಿತ್ತು. ಅಷ್ಟು ಚೆನ್ನಾಗಿ ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬರುವುದಿಲ್ಲ. ಅದಕ್ಕೇ ಬಿಸಿನೀರಿನ ಚೀಲ. ಮಂಡಿನೋವಿಗೆ ಮನೆಯಲ್ಲಿ ಹಿರಿಯರು ಇಟ್ಟುಕೊಳ್ಳುತ್ತಾರಲ್ಲ, ಅದೇ ರಬ್ಬರ್ ಚೀಲ. ನೀರನ್ನು ಶೆಡ್‌ನಿಂದ ದೂರದಲ್ಲಿ ಕಾಯಿಸಿ ಚೀಲಕ್ಕೆ ತುಂಬಿ ತನ್ನಿ. ಪ್ರೋಬ್ ಕನೆಕ್ಟರ್ ವಾಪಸ್ ಸೇರಿಸಿ, ಇಂಜಿನ್ ತಣ್ಣಗಿರಲಿ, ಮಾನಿಟರ್ ಆನ್ ಇರಲಿ. ಚೀಲವನ್ನು ಲೂಮ್ ಮೇಲೆ ಒಂದೊಂದು ಗೇಣು ಜರುಗಿಸುತ್ತಾ, ಪ್ರತಿ ಜಾಗದಲ್ಲಿ ಎರಡು ನಿಮಿಷ ಇಡಿ. ಸರಿಯಾದ ಥರ್ಮೋಕಪಲ್ ತಂತಿಯನ್ನು ಮಧ್ಯದಲ್ಲಿ ಎಷ್ಟು ಬಿಸಿ ಮಾಡಿದರೂ ಅಂಕಿ ಬದಲಾಗಬಾರದು, ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿದು ಸಮ ಆಗುತ್ತದೆ. ತಾಮ್ರ ಸೇರಿಸಿದ ಜಾಯಿಂಟ್ ಬಿಸಿಯಾದರೆ ಮಾತ್ರ ಅಂಕಿ ಬದಲಾಗುತ್ತದೆ. ಇಂಜಿನ್ ಕಡೆಯ ಜಾಯಿಂಟ್ ಬಿಸಿಯಾದರೆ ಅಂಕಿ ಇಳಿಯುತ್ತದೆ, ಪ್ಯಾನೆಲ್ ಕಡೆಯದು ಬಿಸಿಯಾದರೆ ಏರುತ್ತದೆ.

ಇಂಜಿನ್ ಹಿಂಭಾಗದಲ್ಲಿ, ಬ್ಯಾಫಲ್ (ಗಾಳಿ ತಿರುಗಿಸುವ ತಗಡು) ದಾಟಿ ಒಂದು ಗೇಣು ಬಂದ ಮೇಲೆ ಅಂಕಿ ಇಳಿಯತೊಡಗಿತು. 30, 27, 22. ಕಾಯುತ್ತಿದ್ದ ಹಾಗೆ 11. ಶೆಡ್‌ನಲ್ಲಿ ಬೇಸಿಗೆ ಸೆಖೆ, ಇಬ್ಬರೂ ಬೆವರುತ್ತಿದ್ದೇವೆ, ಸ್ಕ್ರೀನ್ ಮೇಲೆ ಮೂರನೇ ಸಿಲಿಂಡರ್ 11 ಡಿಗ್ರಿ. ಅಲ್ಲಿ ಮಾತ್ರ ಸ್ಲೀವ್ ಕತ್ತರಿಸಿದೆವು. ಎರಡು ನೀಟಾದ ಕ್ರಿಂಪ್ (ಒತ್ತಿ ಕೂಡಿಸಿದ ಜಾಯಿಂಟ್), ಅದರಿಂದ ಮುಂದೆ ಬಿಳಿ ಇನ್ಸುಲೇಷನ್ನಿನ ಒಳ್ಳೆಯ ವಿಮಾನದ ತಂತಿ, ಫೈರ್‌ವಾಲ್ ದಾಟಿ ಪ್ಯಾನೆಲ್ ಹಿಂದೆ ಮತ್ತೆ ಎರಡು ಕ್ರಿಂಪ್. ಮೂರನೇದಕ್ಕೆ ತಂತಿ ಗಿಡ್ಡ ಬಂದಿತ್ತು, ವೈರಿಂಗ್‌ಗೆ ಸಹಾಯ ಮಾಡಲು ಬಂದವರು ಕೈಗೆ ಸಿಕ್ಕ ತಂತಿಯಿಂದ ಉದ್ದ ಮಾಡಿದ್ದರು. ಕೆಲಸ ಶುದ್ಧವಾಗಿತ್ತು. ತಂತಿಯ ಜಾತಿ ಮಾತ್ರ ಬೇರೆ.

ಇಲ್ಲಿ ಒಂದು ಮಾತು. ಜಾಯಿಂಟ್‌ನಲ್ಲಿ ಮಾಮೂಲಿ ಲಗ್ ಅಥವಾ ಕ್ರಿಂಪ್ ಇದ್ದರೆ ಹೆದರಬೇಕಿಲ್ಲ. ಅರ್ಧ ಇಂಚಿನ ಕ್ರಿಂಪ್‌ನ ಎರಡು ತುದಿಯೂ ಒಂದೇ ಬಿಸಿಯಲ್ಲಿರುತ್ತದೆ, ಹಾಗಾಗಿ ಅದು ಏನನ್ನೂ ಕಳೆಯುವುದಿಲ್ಲ. ಪ್ಲಸ್, ಮೈನಸ್ ಎರಡೂ ಜಾಯಿಂಟ್ ಅಕ್ಕಪಕ್ಕ ಇರಲಿ, ಒಂದು ಎಕ್ಸಾಸ್ಟ್ ಪೈಪಿಗೆ ಮುಖ ಮಾಡಿ ಇನ್ನೊಂದು ಗಾಳಿಗೆ ಮುಖ ಮಾಡಿ ಕೂರಬಾರದು. ತೊಂದರೆ ಕೊಡುವುದು ಉದ್ದದ ತಾಮ್ರ. ಮಾಮೂಲಿ ಫ್ಲಕ್ಸ್‌ನಿಂದ ಬೆಸುಗೆ ಹಾಕಲು ಹೋಗಬೇಡಿ, ಈ ಲೋಹಗಳು ಹಿಡಿಯುವುದಿಲ್ಲ, ಹಿಡಿದ ಹಾಗೆ ಕಂಡರೂ ಅಲುಗಾಟಕ್ಕೆ ಬಿಟ್ಟುಹೋಗುತ್ತದೆ. ತಂತಿ ತಂತಿಗೆ ತಾಗುವ ಹಾಗೆ ಒಂದೇ ಕ್ರಿಂಪ್ ಒಳಗೆ ಸೇರಿಸಿ ಒತ್ತಿ.

ಬಣ್ಣ ನಂಬಿ ಕೆಟ್ಟವರು

ಥರ್ಮೋಕಪಲ್‌ನಲ್ಲಿ ಲೋಹದ ಜೋಡಿಗೆ ತಕ್ಕಂತೆ ಕೆ, ಜೆ ಎಂಬ ಟೈಪ್‌ಗಳಿವೆ. ಹೊಸ ಕೆ ಟೈಪ್ ತಂತಿಯನ್ನು ಬೆಂಗಳೂರಿನ ಎಸ್‌.ಪಿ. ರೋಡ್‌ನಿಂದ ತರಿಸಿದೆವು. ಹಸಿರು ಮತ್ತು ಬಿಳಿ. ಪ್ರೋಬ್‌ನ ತಂತಿ ಹಳದಿ ಮತ್ತು ಕೆಂಪು. "ಕೆಂಪು ಪ್ಲಸ್ ಅಲ್ವಾ ಅಣ್ಣ?" ಅಂದ ಗೆಳೆಯ. ಕಾರಿನಲ್ಲಿ, ಬ್ಯಾಟರಿಯಲ್ಲಿ ಕೆಂಪು ಪ್ಲಸ್. ಅಮೆರಿಕದ ಥರ್ಮೋಕಪಲ್ ಬಣ್ಣದಲ್ಲಿ ಕೆಂಪು ಯಾವಾಗಲೂ ಮೈನಸ್. ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಜೆ ಟೈಪ್‌ಗೆ ಬಿಳಿ ಪ್ಲಸ್, ಕೆಂಪು ಮೈನಸ್. ಈಗಿನ ಅಂತರರಾಷ್ಟ್ರೀಯ ಬಣ್ಣದಲ್ಲಿ ಕೆ ಟೈಪ್‌ಗೆ ಹಸಿರು ಪ್ಲಸ್, ಬಿಳಿ ಮೈನಸ್. ಹಳೇ ಜರ್ಮನ್ ಪದ್ಧತಿಯಲ್ಲಿ ಅದೇ ಕೆ ಟೈಪ್‌ಗೆ ಕೆಂಪು ಪ್ಲಸ್, ಹಸಿರು ಮೈನಸ್. ಹಳೇ ಬ್ರಿಟಿಷ್ ಪದ್ಧತಿಯಲ್ಲಿ ಕಂದು ಪ್ಲಸ್, ನೀಲಿ ಮೈನಸ್. ನಮ್ಮ ಮಾರುಕಟ್ಟೆಗೆ ಇವೆಲ್ಲವೂ ಬರುತ್ತವೆ. ಬಣ್ಣ ನೋಡಿ ತೀರ್ಮಾನ ಮಾಡುವುದೇ ಬೇಡ.

ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಹಳೇ ಸ್ಪೀಕರ್‌ನದು ಸಾಕು, ಚಿಕ್ಕ ನಿಯೋಡಿಮಿಯಂ ತುಂಡು ಇದ್ದರೆ ಇನ್ನೂ ಒಳ್ಳೆಯದು. ಕೆ ಟೈಪ್‌ನಲ್ಲಿ ಮೈನಸ್ ತಂತಿ ಅಲ್ಯೂಮೆಲ್, ಅದನ್ನು ಅಯಸ್ಕಾಂತ ಎಳೆಯುತ್ತದೆ. ಪ್ಲಸ್ ತಂತಿ ಕ್ರೋಮೆಲ್, ಅದನ್ನು ಎಳೆಯುವುದಿಲ್ಲ. ಜೆ ಟೈಪ್‌ನಲ್ಲಿ ಉಲ್ಟಾ: ಪ್ಲಸ್ ತಂತಿಯೇ ಕಬ್ಬಿಣ, ಅಯಸ್ಕಾಂತ ಅದನ್ನು ಎಳೆಯುತ್ತದೆ, ಮೈನಸ್ ಕಾನ್‌ಸ್ಟಂಟನ್ ಅನ್ನು ಬಿಡುತ್ತದೆ. ಹಾಗಾಗಿ ಮೊದಲು ಟೈಪ್ ಗೊತ್ತಿರಬೇಕು, ಆಮೇಲೆ ಅಯಸ್ಕಾಂತ. ಎರಡೂ ತಂತಿಯನ್ನು ಅದು ಎಳೆಯದಿದ್ದರೆ ನಿಮ್ಮ ಕೈಯಲ್ಲಿರುವುದು ತಾಮ್ರ ಇರಬಹುದು, ಸ್ವಲ್ಪ ಇನ್ಸುಲೇಷನ್ ಸುಲಿದು ಕೆರೆದು ನೋಡಿ.

ಪ್ಲಸ್ ಮೈನಸ್ ಒಂದು ಕಡೆ ಮಾತ್ರ ಅದಲುಬದಲಾದರೆ ಬೇಗ ಗೊತ್ತಾಗುತ್ತದೆ, ಇಂಜಿನ್ ಬಿಸಿಯಾದಂತೆ ಅಂಕಿ ಕೆಳಗೆ ಹೋಗುತ್ತದೆ. ಮೋಸ ಮಾಡುವುದು ಎರಡು ಸಲ ಅದಲುಬದಲಾದಾಗ. ಪ್ರೋಬ್ ಕಡೆ ಉಲ್ಟಾ, ಮಾನಿಟರ್ ಕಡೆಯೂ ಉಲ್ಟಾ. ಅಂಕಿ ಸರಿಯಾಗಿ ಏರುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಆದರೆ ಎರಡು ಜಾಯಿಂಟ್‌ಗಳ ನಡುವಿನ ಬಿಸಿಯ ವ್ಯತ್ಯಾಸದ ಎರಡರಷ್ಟು ಕಡಿಮೆ ತೋರಿಸುತ್ತದೆ. ಒಂದು 60ರಲ್ಲಿ, ಇನ್ನೊಂದು 30ರಲ್ಲಿ ಇದ್ದರೆ 60 ಡಿಗ್ರಿ ಕಡಿಮೆ. ತಾಮ್ರಕ್ಕಿಂತ ಕೆಟ್ಟದ್ದು. ಬಿಸಿನೀರಿನ ಚೀಲ ಇದನ್ನೂ ಹಿಡಿಯುತ್ತದೆ.

ಸೆಟ್ಟಿಂಗ್‌ನಲ್ಲಿ ಕೆ ಅಥವಾ ಜೆ

ಸಾಮಾನ್ಯವಾಗಿ ಇ.ಜಿ.ಟಿ.ಗೆ ಕೆ ಟೈಪ್. ಸಿ.ಎಚ್.ಟಿ.ಗೆ ಕೆ ಅಥವಾ ಜೆ ಎರಡೂ ಬರುತ್ತವೆ. ಮಾನಿಟರ್‌ಗೆ ಯಾವುದು ಎಂದು ನೀವು ಹೇಳಬೇಕು. ತಪ್ಪು ಹೇಳಿದರೆ ಏನಾಗುತ್ತದೆ? ಪ್ಯಾನೆಲ್ 30 ಡಿಗ್ರಿಯಲ್ಲಿದೆ, ಹೆಡ್ ನಿಜವಾಗಿ 200 ಡಿಗ್ರಿ ಇದೆ ಅನ್ನಿ. ಜೆ ಪ್ರೋಬ್ ಹಾಕಿ ಕೆ ಎಂದು ಸೆಟ್ ಮಾಡಿದರೆ ಸುಮಾರು 257 ತೋರಿಸುತ್ತದೆ. ನೀವು ಹೆದರಿ ನಿಲ್ಲಿಸುತ್ತೀರಿ, ಇಂಜಿನ್‌ಗೆ ನಷ್ಟ ಇಲ್ಲ. ಕೆ ಪ್ರೋಬ್ ಹಾಕಿ ಜೆ ಎಂದು ಸೆಟ್ ಮಾಡಿದರೆ ಸುಮಾರು 158 ತೋರಿಸುತ್ತದೆ. ಇದು ಅಪಾಯ. ಲೈಕಾಮಿಂಗ್ ಹೆಡ್‌ಗೆ ಗರಿಷ್ಠ ಮಿತಿ 260 ಡಿಗ್ರಿ, ಅಂದರೆ 500 ಫ್ಯಾರನ್‌ಹೀಟ್. ತಿಳಿದವರು ಹಾರಾಟದಲ್ಲಿ 200ರ ಆಸುಪಾಸಿನ ಮೇಲೆ ಹೋಗಲು ಬಿಡುವುದಿಲ್ಲ. 158 ನೋಡಿ ತಣ್ಣಗಿದೆ ಎಂದುಕೊಂಡು ಏರುತ್ತಾ ಹೋದರೆ ಅಲ್ಯೂಮಿನಿಯಂ ಹೆಡ್‌ಗೆ ಆಗುವ ನೋವು ಸ್ಕ್ರೀನ್ ಮೇಲೆ ಕಾಣುವುದೇ ಇಲ್ಲ. ನಾಲ್ಕು ಸಿಲಿಂಡರೂ ಒಂದೇ ರೀತಿ ತಪ್ಪು ತೋರಿಸುವುದರಿಂದ ಅನುಮಾನವೂ ಬರುವುದಿಲ್ಲ. ಎಲ್ಲವೂ ಒಟ್ಟಿಗೆ ಕಡಿಮೆ ಅಥವಾ ಒಟ್ಟಿಗೆ ಜಾಸ್ತಿ ಇದ್ದರೆ ಮೊದಲು ನೋಡಬೇಕಾದದ್ದು ಈ ಪುಟವನ್ನೇ.

ಕುದಿಯುವ ನೀರು

ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತಾ ಎಂದು ಒಂದಿಷ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರಲ್ಲ, ಹಾಗೆ ಪ್ರೋಬ್‌ಗೂ ಒಂದು ಕೈಪರೀಕ್ಷೆ ಬೇಕು. ಪ್ರೋಬ್ ಬಿಚ್ಚಿ ಮನೆಗೆ ತಂದು ಕುದಿಯುವ ನೀರಿನಲ್ಲಿ ಅದ್ದಿ. ತುದಿ ಪಾತ್ರೆಯ ತಳಕ್ಕೆ ತಾಗದಿರಲಿ. ಗೆಳೆಯ ಇದನ್ನು ಮೊದಲೇ ಮಾಡಿದ್ದ. ಥರ್ಮೋಕಪಲ್ ಮೀಟರ್ 97 ತೋರಿಸಿತು, ಮೂರು ಡಿಗ್ರಿ ತಪ್ಪು, ಅಂದರೆ ಪ್ರೋಬ್ ಕೆಟ್ಟಿದೆ ಎಂದು ಹೊಸದಕ್ಕೆ ದುಡ್ಡು ಕಟ್ಟಿದ. ಪ್ರೋಬ್ ಸರಿಯಾಗಿಯೇ ಇತ್ತು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕಲ್ಲ, ಸುಮಾರು 97.4 ಡಿಗ್ರಿಗೇ ಕುದಿಯುತ್ತದೆ. ಮಂಡ್ಯ ಸ್ವಲ್ಪ ತಗ್ಗು, ಅಲ್ಲಿ ಒಂದು ಕೂದಲೆಳೆ ಜಾಸ್ತಿ. ಸಮುದ್ರದ ಪಕ್ಕ ಮಂಗಳೂರಿನಲ್ಲಿ ಮಾಡಿದ್ದರೆ 100 ಬರುತ್ತಿತ್ತು.

ಥರ್ಮೋಕಪಲ್ ಮೀಟರ್ ಇಲ್ಲದಿದ್ದರೆ ಮಾಮೂಲಿ ಮಲ್ಟಿಮೀಟರ್‌ನ ಮಿಲಿವೋಲ್ಟ್ ರೇಂಜ್ ಸಾಕು. ಅಡುಗೆಮನೆ 27 ಡಿಗ್ರಿ ಇದ್ದರೆ ಕೆ ಪ್ರೋಬ್ ಸುಮಾರು 2.9 ಮಿಲಿವೋಲ್ಟ್ ಕೊಡಬೇಕು, ಜೆ ಪ್ರೋಬ್ ಸುಮಾರು 3.7. ಲೇಬಲ್ ಹರಿದುಹೋದ ಸೆಕೆಂಡ್ ಹ್ಯಾಂಡ್ ಪ್ರೋಬ್ ಯಾವ ಟೈಪ್ ಎಂದು ತಿಳಿಯಲೂ ಇದೇ ದಾರಿ. ಓಮ್ಸ್ ಕೂಡ ನೋಡಿ, ಒಂದೆರಡು ಓಮ್‌ನಿಂದ ಹತ್ತರ ಆಸುಪಾಸು ಇದ್ದರೆ ಸರಿ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಓಮ್ಸ್ ನೋಡುತ್ತಾ ತಂತಿಯನ್ನು ಪ್ರೋಬ್‌ನ ಕುತ್ತಿಗೆಯ ಹತ್ತಿರ ಮೆಲ್ಲಗೆ ಬಾಗಿಸಿ. ಇಂಜಿನ್ ನಡುಕಕ್ಕೆ ಮೊದಲು ಸೋಲುವುದು ಆ ಜಾಗ.

ಓಮ್ಸ್ ಸರಿಯಾಗಿದ್ದೂ ತಪ್ಪು ತೋರಿಸುವ ಒಂದು ಪ್ರಕರಣ ಇದೆ. ಫೈಬರ್‌ಗ್ಲಾಸ್ ಹೆಣಿಗೆ ಎಕ್ಸಾಸ್ಟ್ ಪೈಪಿಗೆ ಉಜ್ಜಿ ಸವೆದು, ಒಳಗಿನ ಎರಡು ತಂತಿ ಮಧ್ಯದಲ್ಲೇ ಒಂದಕ್ಕೊಂದು ತಾಗಿಬಿಟ್ಟರೆ, ಅಲ್ಲೇ ಹೊಸ ಥರ್ಮೋಕಪಲ್ ಹುಟ್ಟಿದಂತೆ. ಮಾನಿಟರ್ ಆ ಜಾಗದ ಬಿಸಿಯನ್ನು ತೋರಿಸುತ್ತದೆ, ಪೈಪ್ ಒಳಗಿನದ್ದನ್ನಲ್ಲ. 700 ಇರಬೇಕಾದ ಕಡೆ 150 ಬಂದರೆ ಹೆಣಿಗೆಯ ಉದ್ದಕ್ಕೂ ಕಪ್ಪಾದ, ನಯವಾದ, ಚಪ್ಪಟೆಯಾದ ಜಾಗ ಹುಡುಕಿ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ.

ತಂತಿ ಉದ್ದ ಉಳಿದರೆ ಕತ್ತರಿಸಬಹುದಾ ಎಂದು ತುಂಬ ಜನ ಕೇಳುತ್ತಾರೆ. ಈಗಿನ ಡಿಜಿಟಲ್ ಮಾನಿಟರ್‌ಗೆ ಕತ್ತರಿಸಬಹುದು, ಉದ್ದ ಲೆಕ್ಕಕ್ಕಿಲ್ಲ. ಹಳೇ ಮುಳ್ಳಿನ ಗೇಜ್ ಆದರೆ ಮುಟ್ಟಬೇಡಿ, ಅದರಲ್ಲಿ ತಂತಿಯ ಓಮ್ಸ್ ಕೂಡ ಲೆಕ್ಕದ ಭಾಗ.

ಆಯಿಲ್ ಟೆಂಪರೇಚರ್ ಬೇರೆ ಕಥೆ

ಮೂರನೇ ಸಿಲಿಂಡರ್ ಸರಿ ಮಾಡಿದ ದಿನವೇ ಇನ್ನೊಂದು ಕಂಡಿತು. ಇಂಜಿನ್ ಓಡುವಾಗ ಲ್ಯಾಂಡಿಂಗ್ ಲೈಟ್ ಮತ್ತು ಫ್ಯೂಯಲ್ ಪಂಪ್ ಹಾಕಿದ ತಕ್ಷಣ ಆಯಿಲ್ ಟೆಂಪರೇಚರ್ ಹನ್ನೆರಡು ಡಿಗ್ರಿ ಏರಿತು. ಆಫ್ ಮಾಡಿದರೆ ಇಳಿಯಿತು. ಲೈಟ್ ಹಾಕಿದ್ದಕ್ಕೆ ಆಯಿಲ್ ಬಿಸಿಯಾಗುತ್ತದಾ?

ಇದು ಥರ್ಮೋಕಪಲ್ ಅಲ್ಲ, ಒಂದೇ ತಂತಿಯ ಸೆಂಡರ್. ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ವಾಪಸ್ ದಾರಿ ಇಂಜಿನ್ ಮೈ. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಅದಕ್ಕೂ ವಿಮಾನದ ಗ್ರೌಂಡ್‌ಗೂ ಸಂಬಂಧ ಕೊಡುವುದು ಒಂದು ಬ್ರೇಡ್ ಪಟ್ಟಿ. ಆಲ್ಟರ್ನೇಟರ್ ಕೂಡ ಇಂಜಿನ್ ಮೈಗೇ ಗ್ರೌಂಡ್. ಅಂದರೆ ಲೈಟ್, ಪಂಪ್, ರೇಡಿಯೋ ಎಲ್ಲದರ ಕರೆಂಟ್ ವಾಪಸ್ ಹೋಗುವುದು ಅದೇ ಪಟ್ಟಿಯ ಮೂಲಕ. ಪಟ್ಟಿಯ ಜಾಯಿಂಟ್ ಸಡಿಲ ಇದ್ದರೆ ಅಲ್ಲಿ ವೋಲ್ಟೇಜ್ ಬೀಳುತ್ತದೆ, ಇಂಜಿನ್ ಮೈ ಮಾನಿಟರ್‌ನ ಗ್ರೌಂಡ್‌ಗಿಂತ ಸ್ವಲ್ಪ ಕೆಳಗೆ ಹೋಗುತ್ತದೆ, ಸೆಂಡರ್ ರೆಸಿಸ್ಟೆನ್ಸ್ ಕಡಿಮೆಯಾದಂತೆ ಮಾನಿಟರ್‌ಗೆ ಕಾಣುತ್ತದೆ, ಹಾಗಾಗಿ ಬಿಸಿ ಜಾಸ್ತಿ ತೋರಿಸುತ್ತದೆ.

ಅಳೆಯಲು ಉದ್ದನೆಯ ತಂತಿಯೊಂದನ್ನು ಇಂಜಿನ್ ನಿಂತಿರುವಾಗಲೇ ಕ್ರ್ಯಾಂಕ್‌ಕೇಸ್‌ನ ಒಂದು ಬೋಲ್ಟ್‌ಗೆ ಗಟ್ಟಿಯಾಗಿ ಕಟ್ಟಿ, ಪ್ರೊಪೆಲರ್, ಬೆಲ್ಟ್, ಎಕ್ಸಾಸ್ಟ್‌ಗೆ ಸಿಗದ ಹಾಗೆ ಬಿಗಿದು, ಕಾಕ್‌ಪಿಟ್ ಒಳಗೆ ತನ್ನಿ. ಮೀಟರ್‌ನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ಮಾನಿಟರ್‌ನ ಗ್ರೌಂಡ್ ಪಿನ್‌ಗೆ. ಎಲ್ಲ ಸ್ವಿಚ್ ಹಾಕಿ ಇಂಜಿನ್ ಓಡಿಸಿ ನೋಡಿದಾಗ 180 ಮಿಲಿವೋಲ್ಟ್ ಬಂತು. ಇಂಜಿನ್ ನಿಲ್ಲಿಸಿ ಬ್ರೇಡ್ ಬಿಚ್ಚಿ ನೋಡಿದರೆ ಲಗ್ ಕೂತಿದ್ದದ್ದು ಪೇಂಟ್ ಮೇಲೆ. ಬೋಲ್ಟ್‌ನ ಎಳೆಗಳಿಂದ ಮಾತ್ರ ಸಂಬಂಧ. ಪೇಂಟ್ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಸ್ಟಾರ್ ವಾಷರ್ ಹಾಕಿ ಬಿಗಿದ ಮೇಲೆ 9 ಮಿಲಿವೋಲ್ಟ್. ಲೈಟ್ ಹಾಕಿದರೂ ತೆಗೆದರೂ ಆಯಿಲ್ ಅಂಕಿ ನಿಂತಲ್ಲೇ ನಿಂತಿತು. ಅದೇ ಪಟ್ಟಿಯಲ್ಲೇ ಸ್ಟಾರ್ಟರ್ ಕರೆಂಟ್ ಕೂಡ ಹೋಗುವುದರಿಂದ ಇಂಜಿನ್ ಈಗ ಬೇಗ ಸ್ಟಾರ್ಟ್ ಆಗುತ್ತಿದೆ ಎಂದು ಗೆಳೆಯ ಆಮೇಲೆ ಹೇಳಿದ.

ರೇಡಿಯೋ ಬಟನ್ ಒತ್ತಿದಾಗ ಮಾತ್ರ ಅಂಕಿಗಳು ಕುಣಿದರೆ ಕಾರಣ ಬೇರೆ. ಆಂಟೆನಾ ಕೇಬಲ್ ಮತ್ತು ಸೆನ್ಸರ್ ಲೂಮ್ ಒಟ್ಟಿಗೆ ಕಟ್ಟಿದ್ದರೆ ಬಿಡಿಸಿ ದೂರ ಮಾಡಿ. ಷೀಲ್ಡ್ ಇರುವ ತಂತಿಯಾದರೆ ಷೀಲ್ಡ್ ಅನ್ನು ಒಂದೇ ತುದಿಯಲ್ಲಿ, ಮಾನಿಟರ್ ಕಡೆ, ಗ್ರೌಂಡ್ ಮಾಡಿ. ಎರಡೂ ಕಡೆ ಮಾಡಿದರೆ ಷೀಲ್ಡ್ ಒಳಗೇ ಕರೆಂಟ್ ಹರಿಯತೊಡಗುತ್ತದೆ. ಸ್ಪಾರ್ಕ್ ಪ್ಲಗ್ ಲೀಡ್‌ಗಳಿಂದಲೂ ಆಲ್ಟರ್ನೇಟರ್‌ನ ದಪ್ಪ ತಂತಿಯಿಂದಲೂ ಸೆನ್ಸರ್ ತಂತಿ ದೂರ ಇರಲಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ, ಜೊತೆಯಲ್ಲಿ ಓಡಿಸಬೇಡಿ.

ಮುಚ್ಚುವ ಮೊದಲು

ಹೊಸ ಕೆ ಟೈಪ್ ತಂತಿಯನ್ನು ಪ್ರೋಬ್‌ನಿಂದ ಮಾನಿಟರ್‌ವರೆಗೆ ತುಂಡಿಲ್ಲದೆ ಎಳೆದೆವು. ಅಯಸ್ಕಾಂತ ಹಿಡಿದು ಎರಡೂ ತುದಿಯಲ್ಲಿ ಮೈನಸ್ ಯಾವುದು ಎಂದು ನೋಡಿ ಗುರುತು ಹಾಕಿದೆವು. ಕನೆಕ್ಟರ್ ಬಿಚ್ಚಿ ತುದಿ ಹೊಸೆದು ಬೆರಳಲ್ಲಿ ಹಿಡಿದರೆ 34. ಬಿಸಿನೀರಿನ ಚೀಲ ಲೂಮ್ ಉದ್ದಕ್ಕೂ ಜರುಗಿಸಿದರೆ ಅಂಕಿ ಅಲ್ಲಾಡಲಿಲ್ಲ. ಗೆಳೆಯ ಹಳೇ ಪ್ರೋಬನ್ನೇ ವಾಪಸ್ ಹಾಕಿ, ಹೊಸದನ್ನು ಸ್ಪೇರ್ ಎಂದು ಬರೆದು ಡಬ್ಬಿಯಲ್ಲಿಟ್ಟ. ಕೌಲಿಂಗ್ ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿದಾಗ ಮೂರನೇ ಸಿಲಿಂಡರ್ ಎರಡನೇದಕ್ಕಿಂತ ಆರು ಡಿಗ್ರಿ ಜಾಸ್ತಿ ಇತ್ತು, ಕೌಲಿಂಗ್ ತೆಗೆದಾಗಲೂ ಹೆಚ್ಚುಕಡಿಮೆ ಅಷ್ಟೇ.

ಮಾಡಿದ ಬದಲಾವಣೆ ಎಲ್ಲವನ್ನೂ ಲಾಗ್‌ನಲ್ಲಿ ಬರೆದು, ವಿಮಾನ ಪರೀಕ್ಷಿಸುವ ಇಂಜಿನಿಯರ್‌ಗೆ ಹಳೇ ತಾಮ್ರದ ತುಂಡನ್ನೂ ತೋರಿಸಿದೆವು. ಎಕ್ಸಾಸ್ಟ್ ಪೈಪಿನ ಕ್ಲಾಂಪ್‌ಗಳು ಮೊದಲ ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಸಡಿಲ ಆಗುತ್ತವೆ. ಎರಡು ಮೂರು ಗಂಟೆ ಓಡಿದ ಮೇಲೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ನಾಲ್ಕನ್ನೂ ಇನ್ನೊಂದು ಸಲ ಬಿಗಿ ಮಾಡಿ.